ಗೆರಾಸಿಮ್ ಕೂರದ ಮೇಜು

ಪುಸ್ತಕದ ಮೊದಲ ಪ್ರತಿ ಕೈಗೆ ಬಂದಾಗ ಲಾರಿಸಾ ಹೆಗಾಯ್ ನೇರವಾಗಿ ನೂರ ಹನ್ನೆರಡನೇ ಪುಟ ತೆರೆದಳು. ಸೋವಿಯತ್ ಸರ್ಕಾರದ ಆಜ್ಞೆಯಂತೆ ದೂರಪೂರ್ವದ ಕಡಲಂಚಿನಿಂದ ದನದ ಬೋಗಿಗಳಲ್ಲಿ ತುಂಬಿ ತಂದು ಕಝಾಕ್ ಬಯಲಿನಲ್ಲಿ ಸುರಿಯಲಾದ ಕೊರಿಯನ್ನರ ಬದುಕನ್ನು ಆಕೆ ಹನ್ನೊಂದು ವರ್ಷ ಊರೂರು ಅಲೆದು ದಾಖಲಿಸಿದ್ದಳು. ಆ ಪುಟದಲ್ಲಿದ್ದದ್ದು ಉಷ್ಟೋಬೆ ಊರಿನ ಮುದುಕ ಗೆರಾಸಿಮ್ ಯುಗಾಯ್. ಸಾವಿರದ ಒಂಬೈನೂರ ಮೂವತ್ತೇಳರ ಸೆಪ್ಟೆಂಬರಿನಲ್ಲಿ ಓಡುವ ರೈಲಿನಲ್ಲೇ ಹುಟ್ಟಿದವನು.

ಕೊನೆಯ ಸಾಲು ಅವಳದಾಗಿರಲಿಲ್ಲ. ‘ಅರವತ್ತು ತುಂಬಿದ ದಿನ ಹೊಲದ ಗೆಳೆಯರೆಲ್ಲ ಸೇರಿ ಗೆರಾಸಿಮ್‌ಗೆ ದೊಡ್ಡ ಮೇಜು ಹಾಕಿ ಬಡಿಸಿ, ಹಳೆಯ ನೋವನ್ನೆಲ್ಲ ಮರೆಸಿದರು.’

ಆಕೆ ಸಂಪಾದಕ ರೋಡಿಯಾನ್ ನೊಗಾಯ್‌ನ ಕೋಣೆಗೆ ನುಗ್ಗಿದಳು.

“ಇದನ್ನ ಯಾರಪ್ಪ ಬರ್ದಿದ್ದು?”

“ನಾನೇ. ಒಂಚೂರು ಬೆಳಕು ಬೇಡ್ವಾ, ಲಾರಿಸಾ ಸೆರ್ಗೇಯೆವ್ನಾ? ಶುರುವಿಂದ ಬರೀ ಗೋಳು. ಅರವತ್ತಾದ್ಮೇಲೆ ಜೊತೆಯೋರು ಒಂದು ಊಟ ಹಾಕ್ಸದೇ ಬಿಡ್ತಾರಾ?”

“ನೀನು ಕೊರಿಯನ್ನೇ ತಾನೆ?”

“ನಮ್ಮೋರ ಕ್ಯಾರೆಟ್ ಕೋಸಂಬರಿ ಇಲ್ದೆ ನಂಗೆ ಅನ್ನ ಇಳಿಯಲ್ಲ. ಸಾಕಲ್ವಾ?” ಅವನು ನಕ್ಕ.

ಅವಳು ನಗಲಿಲ್ಲ. “ನಮ್ಮಲ್ಲಿ ಮೊದಲ ಹುಟ್ಟುಹಬ್ಬಕ್ಕೆ ಹಬ್ಬದೂಟದ ಮೇಜು ಹಾಕದೇ ಹೋದೋರಿಗೆ ಅರವತ್ತರ ಮೇಜೂ ಇಲ್ಲ. ನಿಮ್ಮನೇಲಿ ಯಾರೂ ಹೇಳ್ಲಿಲ್ವಾ? ಗೆರಾಸಿಮ್‌ಗೆ ಒಂದು ವರ್ಷ ತುಂಬಿದಾಗ ಮನೆಯೋರೆಲ್ಲ ನೆಲ ತೋಡಿದ ಗುಂಡೀಲಿ ಬದುಕ್ತಿದ್ರು. ಕಡುಬಿಗೆ ಹಿಡಿ ಅಕ್ಕಿ ಇರ್ಲಿಲ್ಲ. ಅದನ್ನ ಮೀರಿ ಅರವತ್ತಕ್ಕೆ ಮೇಜಿಗೆ ಕೂತ್ರೆ ಕೆಡುಕು ಮಕ್ಕಳಿಗೆ ತಟ್ಟುತ್ತೆ ಅಂತಾರೆ. ಅದಕ್ಕೇ ಅರವತ್ತು ತುಂಬಿದ ದಿನ ಈರುಳ್ಳಿ ಹೊಲದಲ್ಲಿ ಒಬ್ರೇ ಉಳ್ಕೊಂಡ್ರು. ಆದ್ರೂ ಮುಂದಿನ ವಸಂತಕ್ಕೆ ಮಗ ಕರತಾಲ್ ಹೊಳೇಲಿ ಮುಳುಗಿ ಸತ್ತ. ಈಗ ನಿನ್ನ ಸಾಲು ಓದಿದೋರು ಏನಂತಾರೆ? ಊಟದಾಸೆಗೆ ಮಗನ್ನ ಕಳ್ಕೊಂಡ ಅನ್ನಲ್ವಾ?”

“ಅದೆಲ್ಲ ಮೂಢನಂಬಿಕೆ...”

“ನಂಬು ಅಂತ ನಿನ್ನ ಕೇಳಿದ್ನಾ? ನಡೆದದ್ದನ್ನ ಬರ್ದಿದ್ದೆ. ಅಳಿಸೋಕೆ ನೀನ್ಯಾರು?”

ರೋಡಿಯಾನ್ ಡ್ರಾಯರಿನಿಂದ ಕೊನೆಯ ಕರಡು ತೆಗೆದು ಮುಂದಿಟ್ಟ. ಆ ಸಾಲು ಅದರಲ್ಲೂ ಇತ್ತು, ಅಡಿಯಲ್ಲಿ ಅವಳದೇ ಸಹಿ. ಆ ವಾರ ಆಕೆ ಅಡಿಟಿಪ್ಪಣಿಗಳನ್ನು ಒಂದೊಂದಾಗಿ ತಾಳೆ ನೋಡಿದ್ದಳು. ಮೇಲಿನ ಬರಹ ತನ್ನದೇ ತಾನೆ ಎಂದು ಓದದೆ ಬಿಟ್ಟಿದ್ದಳು. ಸಿಟ್ಟು ಈಗ ಅವಳನ್ನೇ ಸುಡತೊಡಗಿತು.

ಮುದ್ರಣಾಲಯದಿಂದ ನೇರವಾಗಿ ಉಷ್ಟೋಬೆಗೆ ನಿನ್ನೆಯೇ ಹತ್ತು ಪ್ರತಿ ಹೋಗಿತ್ತು. ರೋಡಿಯಾನ್‌ನ ಕೋಣೆಯಿಂದಲೇ ಅಲ್ಲಿಗೆ ಫೋನ್ ಮಾಡಿದಳು. ಗೆರಾಸಿಮ್ ಎತ್ತಿದ.

“ತಲುಪಿತು ಕಣಮ್ಮ. ನನ್ನ ಹೆಂಡ್ತಿ ಕ್ಲಾವ್ದಿಯಾನೇ ಮೊದ್ಲು ಓದಿದ್ಳು. ಆಗಿಂದ ಒಂದೇ ಪ್ರಶ್ನೆ. ಆವತ್ತು ಹೊಲದಲ್ಲಿ ನಿಜವಾಗ್ಲೂ ಒಬ್ನೇ ಇದ್ಯಾ, ಇಲ್ಲ ಮೇಜಿಗೆ ಕೂತ್ಯಾ ಅಂತ. ಅಚ್ಚಾಗಿರೋದು ಸುಳ್ಳಾಗುತ್ತಾ ಅಂತಾಳೆ. ನನ್ನ ನೋಡಿದೋರು ಯಾರೂ ಇಲ್ವಲ್ಲಮ್ಮ, ಏನ್ ಹೇಳ್ಲಿ?”

ಲಾರಿಸಾ ಫೋನ್ ಇಟ್ಟಳು.

“ಏಳು. ಮಧ್ಯಾಹ್ನ ರೈಲಿದೆ.”

“ನಾನ್ಯಾಕೆ? ತಿದ್ದುಪಡಿ ಅಂತ ಒಂದು ಪತ್ರ ಕಳ್ಸೋಣ.”

“ಅಚ್ಚಾದ ಒಂದು ಸಾಲು ಅವರ ಮನೆ ಒಡೀತಿದೆ, ಇನ್ನೊಂದು ಕಾಗದ ಬೇರೆ ಕೇಡು! ಆ ತಾಯಿ ಎದುರು ಕೂತು, ನಾನೇ ಕಟ್ಟಿ ಬರ್ದೆ ಅಂತ ನಿನ್ನ ಬಾಯಿಂದ ಹೇಳು. ಓದದೆ ಸಹಿ ಹಾಕ್ದೆ ಅಂತ ನಾನು ಹೇಳ್ತೀನಿ.”

ಅವನು ಗೊಣಗುತ್ತ ಕೋಟಿಗೆ ಕೈ ಹಾಕುವವರೆಗೂ ಆಕೆ ಬಾಗಿಲಿನಿಂದ ಕದಲಲಿಲ್ಲ.