ನಾಟಿ ಗದ್ದೆಗೆ ಬಂದ ತೆರಿಗೆ ಸಾಹೇಬರು

ಅರವತ್ತಾರು ವರ್ಷದ ಪುಟ್ಟಮಾದಮ್ಮನ ಬಾಯಿಗೆ ಹೆದರದವರು ಆತಗೂರಿನ ಸುತ್ತ ಯಾರೂ ಇರಲಿಲ್ಲ. ಬಸ್ಸಿನ ಕಂಡಕ್ಟರು ಕೂಡ ಅವಳು ಕೈ ಅಡ್ಡ ಹಾಕಿದ ಕಡೆ ತೆಪ್ಪಗೆ ನಿಲ್ಲಿಸುತ್ತಿದ್ದ. ಅಂಥವಳು ಆ ಶುಕ್ರವಾರ ಬೆಳಗ್ಗೆ ಒಂದು ಫೋನಿಗೆ ಗಡಗಡ ನಡುಗಿದಳು.

"ತೆರಿಗೆ ಇಲಾಖೆಯಿಂದ ಮಾತಾಡುತ್ತಿದ್ದೇವೆ. ನಿಮ್ಮ ಖಾತೆಗೆ ಲೆಕ್ಕಕ್ಕೆ ಸಿಗದ ಹಣ ಬಂದಿದೆ. ನಿಮ್ಮ ಮೇಲೆ ವಾರಂಟ್ ಹೊರಟಿದೆ" ಎಂದಿತ್ತು ಒಂದು ದಪ್ಪ ದನಿ.

ಬೇರೆ ವಿಷಯವಾಗಿದ್ದರೆ ಅವನ ಏಳು ತಲೆಮಾರು ನೆನೆಸುವಂತೆ ಬೈದು ಫೋನು ಕುಕ್ಕುತ್ತಿದ್ದಳು. ಆದರೆ ಅವಳ ಮನಸ್ಸಿನಲ್ಲೊಂದು ಮುಳ್ಳಿತ್ತು. ಹೋದ ಸಲ ಸಕ್ಕರೆ ಕಾರ್ಖಾನೆಯಿಂದ ಕಬ್ಬು ಕಡಿಸುವ ಕಟಾವು ಆರ್ಡರ್ ಅವಳಿಗೆ ಬಂತು, ಭಾವ ಕೆಂಪಸಿದ್ದಯ್ಯನಿಗೆ ಬರಲಿಲ್ಲ. ಭಾವನ ಕಬ್ಬು ಒಣಗುತ್ತಿತ್ತು. ಅವನ ಎರಡು ಲೋಡು ಇವಳ ಹೆಸರಿನಲ್ಲೇ ಹೋಯಿತು, ಬಿಲ್ಲಿನ ದುಡ್ಡು ಇವಳ ಖಾತೆಗೆ ಬಿತ್ತು, ಇವಳು ಅದನ್ನು ಹಾಗೇ ಅವನ ಕೈಗಿಟ್ಟಳು. ಅವನ ಕಬ್ಬನ್ನು ನನ್ನದೆಂದು ಸುಳ್ಳು ಹೇಳಿದೆನಲ್ಲ ಎಂಬ ಅಳುಕು ಮಾತ್ರ ಉಳಿದುಬಿಟ್ಟಿತ್ತು.

"ನಮ್ ಭಾವನ ಕಬ್ಬಿನ ಇಸ್ಯನಾ ಸಾಮಿ?" ಎಂದು ತಾನಾಗಿಯೇ ಬಾಯಿಬಿಟ್ಟಳು.

ಆ ಕಡೆಯವನು ಆ ಮಾತನ್ನೇ ಗಬಕ್ಕನೆ ಹಿಡಿದುಕೊಂಡ. "ಅದೇ. ಭಾವನ ಕಬ್ಬು. ನಮಗೆ ಎಲ್ಲವೂ ಗೊತ್ತಿದೆ!"

ಅಲ್ಲಿಗೆ ಪುಟ್ಟಮಾದಮ್ಮ ಅವನನ್ನು ಪೂರಾ ನಂಬಿಬಿಟ್ಟಳು. ಒಂದು ಗಂಟೆಯೊಳಗೆ ಅವಳ ಫೋನಿಗೆ ಆರು ಅಂಕಿಯ ನಂಬರು ಬರುತ್ತದೆ, ಅದನ್ನು ಓದಿ ಹೇಳಿದರೆ ಕೇಸು ಮುಚ್ಚುತ್ತದೆ, ಅಲ್ಲಿಯವರೆಗೆ ಫೋನು ಇಡಬಾರದು, ಯಾರ ಹತ್ತಿರವೂ ಉಸಿರೆತ್ತಬಾರದು ಎಂದು ಅವನು ಕಟ್ಟಪ್ಪಣೆ ಮಾಡಿದ.

ಖಾತೆಯಲ್ಲಿದ್ದದ್ದು ಗೌರಿಯ ದುಡ್ಡು. ಗೌರಿ ಎಂದರೆ ಮಳವಳ್ಳಿ ಕಡೆಯ ಮಾದಯ್ಯನ ಮನೆಯ ಹಸು, ತುಂಬು ಗಬ್ಬ. ಸೋಮವಾರ ದುಡ್ಡು ಕೊಟ್ಟು ಹೊಡೆದುಕೊಂಡು ಬರುವುದೆಂದು ಮಾತಾಗಿತ್ತು. ಹಳೆಯ ಹಸು ಸತ್ತ ಮೇಲೆ ಪುಟ್ಟಮಾದಮ್ಮ ದಿನಾ ಸಂಜೆ ಅಭ್ಯಾಸಬಲದಿಂದ ಬರಿದಾದ ಕೊಟ್ಟಿಗೆಗೆ ಹೋಗಿ, ಸುಮ್ಮನೆ ನಿಂತು ಬರುತ್ತಿದ್ದಳು. ಆ ದುಡ್ಡು ಹೋದರೆ ಕೊಟ್ಟಿಗೆ ಇನ್ನು ಖಾಲಿಯೇ.

ಫೋನಿನ ತೆರಿಗೆ ಸಾಹೇಬರಿಗೆ ಒಂದು ಸಂಗತಿ ಮಾತ್ರ ಗೊತ್ತಿರಲಿಲ್ಲ. ಆ ದಿನ ಗೆಳತಿ ಮುದ್ದಮ್ಮನ ಗದ್ದೆಯಲ್ಲಿ ನಾಟಿ. ಪುಟ್ಟಮಾದಮ್ಮನ ಗದ್ದೆಗೆ ಮುದ್ದಮ್ಮ ಬಂದು ಒಂದು ದಿನ ಬಗ್ಗಿದ್ದಳು, ಈಗ ಇವಳು ಅಲ್ಲಿ ಬಗ್ಗಬೇಕು. ಕೂಲಿಗೆ ತಪ್ಪಿಸಿಕೊಳ್ಳಬಹುದು, ಹೀಗೆ ಆಳಿಗೆ ಆಳು ತೀರಿಸುವ ಮುಯ್ಯಾಳಿಗೆ ತಪ್ಪಿಸಿಕೊಂಡವಳನ್ನು ಊರಲ್ಲಿ ಯಾರು ಮಾತಾಡಿಸುತ್ತಾರೆ? ವಾರಂಟಿದ್ದರೂ ಸರಿ ಎಂದು ಪುಟ್ಟಮಾದಮ್ಮ ಫೋನನ್ನು ಎಲೆಯಡಿಕೆ ಚೀಲಕ್ಕೆ ತುರುಕಿ, ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗದ್ದೆಗೆ ಇಳಿದಳು. ತುರುಕುವಾಗ ಬೆರಳು ಎಲ್ಲಿ ತಾಗಿತೋ, ಸ್ಪೀಕರು ಆನಾಯಿತು.

ಏಳು ಹೆಂಗಸರ ಸಾಲು. ಎರಡು ಮೊಳ ನಾಟಿಯಾಗಿತ್ತೋ ಇಲ್ಲವೋ, "ಅಮ್ಮಾ, ಲೈನಿನಲ್ಲಿದ್ದೀರಾ?" ಎಂದಿತು ಪುಟ್ಟಮಾದಮ್ಮನ ಸೊಂಟ.

"ಯಾವನಮ್ಮಿ ಅವ್ನು, ನಿನ್ ಸೊಂಟದಲ್ಲಿ ಕುಂತಿರೋನು?" ಮುದ್ದಮ್ಮ ಕೇಳಿದಳು. ಸಾಲಿಗೆ ಸಾಲೇ ನಕ್ಕಿತು. ಆದರೆ ಪುಟ್ಟಮಾದಮ್ಮನ ಕಣ್ಣಲ್ಲಿ ನೀರು ಕಂಡು ನಗು ಅಲ್ಲೇ ನಿಂತಿತು. ಅವಳು ಅತ್ತಿದ್ದನ್ನು ಆ ಊರು ಗಂಡ ಸತ್ತಾಗ ಬಿಟ್ಟರೆ ಮತ್ತೆ ನೋಡಿರಲಿಲ್ಲ.

ಚೀಲವನ್ನು ಸೆರಗಿನಲ್ಲಿ ಅದುಮಿ ಹಿಡಿದು, ಪಿಸುದನಿಯಲ್ಲಿ ಎಲ್ಲ ಹೇಳಿದಳು, ಭಾವನ ಕಬ್ಬಿನ ಸಮೇತ.

"ಅಯ್ಯೋ ಇದಕ್ಕಾ? ನನ್ ಆರ್ಡರ್‌ನಲ್ಲಿ ನನ್ ತಮ್ಮಂದು ಮೂರ್ ಲೋಡ್ ಓಗೈತೆ ಕಣೇ" ಎಂದಳು ಒಬ್ಬಳು. "ನಮ್ದೂ ಓಗೈತೆ" ಎಂದಳು ಇನ್ನೊಬ್ಬಳು. ಮುದ್ದಮ್ಮ ಕೆಸರು ಕೈ ಸೀರೆಗೆ ಒರೆಸಿಕೊಂಡು ಫೋನು ಕಿತ್ತುಕೊಂಡಳು.

"ಸಾಮಿ, ನಾನು ಮುದ್ದಮ್ಮ ಅಂತ. ನನ್ ಮೇಲೂ ಏನಾರ ಐತಾ ನೋಡಿ."

"ಮುದ್ದಮ್ಮ... ಇದೆ. ನಿಮ್ಮ ಫೈಲೂ ನಮ್ಮ ಮೇಜಿನ ಮೇಲಿದೆ."

"ಮಾದಯ್ಯನ ಮನೆ ಗೌರಿ ಮೇಲೆ?"

"ಗೌರಿಯೇ ಮುಖ್ಯ ಆರೋಪಿ! ಆಕೆ ಊರು ಬಿಟ್ಟು ಹೋಗದಂತೆ ನೋಡಿಕೊಳ್ಳಿ."

"ಓಗಕಿಲ್ಲ ಬುಡಿ ಸಾಮಿ, ಗೂಟಕ್ಕೆ ಕಟ್ಟಾಕವ್ರೆ. ತುಂಬಿದ ಬಸುರಿ ಬೇರೆ. ಜೈಲಲ್ಲಿ ಹುಲ್ಲು, ಬೂಸ ಏನಾರ ಕೊಡ್ತೀರಾ?"

ಅಷ್ಟರಲ್ಲಿ ಫೋನು ಟಿಣ್ ಎಂದಿತು. ಆ ಆರು ಅಂಕಿಗಳು ಬಂದೇಬಿಟ್ಟವು. "ಬೇಗ ಓದಿ!" ಎಂದು ಸಾಹೇಬರು ಅರಚಿದರು. ಮುದ್ದಮ್ಮ ಫೋನನ್ನು ಪುಟ್ಟಮಾದಮ್ಮನ ಕೈಗೇ ಕೊಟ್ಟಳು. ಇಷ್ಟು ಹೊತ್ತು ಕಟ್ಟಿಹೋಗಿದ್ದ ಬಾಯಿ ಆಗ ಬಿಚ್ಚಿಕೊಂಡಿತು ನೋಡಿ! ಅವಳು ಏನೇನಂದಳೆಂದು ಇಲ್ಲಿ ಬರೆಯುವ ಹಾಗಿಲ್ಲ. ಕೊನೆಗೆ ಫೋನು ಇಟ್ಟವರು ಸಾಹೇಬರೇ.

ಮದ್ದೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಮುದ್ದಮ್ಮನ ಸೊಸೆ ಶೋಭಿತಾ ಅಂದು ರಜೆ ಹಾಕಿದ್ದಳು. ನಾಟಿಯವರ ಊಟಕ್ಕೆ ಹಿಟ್ಟಿನ ಕುಕ್ಕೆ ಹೊತ್ತು ಬಂದವಳು ವಿಷಯ ಕೇಳಿ ಅಲ್ಲಿಯೇ ಬದುವಿನ ಮೇಲೆ ಕುಳಿತು ಸೈಬರ್ ವಂಚನೆಯ ದೂರಿನ ನಂಬರು ೧೯೩೦ಕ್ಕೆ ಫೋನು ಮಾಡಿ ದೂರು ಬರೆಸಿದಳು.

"ಬೆಳೆ ದುಡ್ಡಿಗೆ ಆದಾಯ ತೆರಿಗೆನೇ ಇಲ್ಲ ಕಣತ್ತೆ. ಇಲಾಖೆಯವರು ಏನಿದ್ರೂ ನೋಟಿಸು ಕಳಿಸ್ತಾರೆ, ನಂಬರ್ ಓದು ಅಂತ ಕೇಳಲ್ಲ. ಯಾರಿಗೂ ಹೇಳ್ಬೇಡ ಅಂತ ಯಾವನಾದ್ರೂ ಅಂದ್ರೆ, ಅವನು ಕಳ್ಳನೇ" ಎಂದಳು.

"ಅಂಗಾರೆ ಇವತ್ತಿಂದ ಫೋನಿಗೂ ಮುಯ್ಯಾಳು" ಎಂದು ಪುಟ್ಟಮಾದಮ್ಮ ಮುದ್ದೆ ಮುರಿಯುತ್ತ ತೀರ್ಪು ಕೊಟ್ಟಳು. "ದುಡ್ಡಿನ ಮಾತು ಬಂದ್ರೆ ಒಬ್ಬೊಬ್ಳೇ ಮಾತಾಡಂಗಿಲ್ಲ, ಇನ್ನೊಬ್ಬಳ್ನ ಕರೀಬೇಕು. ಮುದ್ದಮ್ಮಂಗೆ ನಂದೊಂದು ಬಾಕಿ."

ಸೋಮವಾರ ಗೌರಿ ಬಂದಳು. ಹದಿನೈದು ದಿನಕ್ಕೆ ಕರು ಹಾಕಿದಳು. ಗಿಣ್ಣು ನಾಟಿ ಸಾಲಿನ ಎಲ್ಲರ ಮನೆಗೂ ಹೋಯಿತು.

ಆಮೇಲೊಂದು ದಿನ ಪುಟ್ಟಮಾದಮ್ಮ ಹಾಲು ಕರೆಯುತ್ತಿದ್ದಾಗ ಮುದ್ದಮ್ಮ ಏದುಸಿರು ಬಿಡುತ್ತ ಕೊಟ್ಟಿಗೆಗೆ ಓಡಿ ಬಂದಳು. ಕೈಯಲ್ಲಿ ಫೋನು. ಸಾಹೇಬರನ್ನೇ ಆಟ ಆಡಿಸಿದ್ದ ಗಟ್ಟಿಗಿತ್ತಿಯ ಮುಖ ಬಿಳಿಚಿಕೊಂಡಿತ್ತು.

"ಪುಟ್ಟಮಾದಿ, ಇದು ನಿಜವಾದ ಆಪೀಸ್ನೋರು ಕಣೇ. ನನ್ ಹೆಸ್ರು, ಮಗನ ಹೆಸ್ರು ಎಲ್ಲ ಯೋಳ್ತಾವ್ರೆ. ನೀನೇ ಮಾತಾಡು."

ಪುಟ್ಟಮಾದಮ್ಮ ಚೊಂಬು ಪಕ್ಕಕ್ಕಿಟ್ಟು ಗೆಳತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ತಾನೂ ಹೀಗೇ ಹೆದರಿದ್ದು ನೆನಪಾಯಿತು. ಇನ್ನೊಂದು ಕೈಯಲ್ಲಿ ಫೋನು ತೆಗೆದುಕೊಂಡು, ಗೌರಿಯ ಮೂತಿಗೆ ಹಿಡಿದಳು.

"ಸಾಮಿ, ಮುಖ್ಯ ಆರೋಪಿ ಇಲ್ಲೇ ಅವ್ಳೆ. ಅದೇನ್ ಕೇಳ್ಬೇಕೋ ಇವಳನ್ನೇ ಕೇಳಿ" ಎಂದಳು.

ಗೌರಿ ಅಂಬಾ ಎಂದಳು. ಆ ಕಡೆ ಫೋನು ಕಟ್ಟಾಯಿತು.

"ಮುಯ್ಯಿ ತೀರ್ತು, ಹಾಲು ತಗಂಡೋಗು" ಎಂದು ಪುಟ್ಟಮಾದಮ್ಮ ಮತ್ತೆ ಕೆಚ್ಚಲ ಬಳಿ ಕುಳಿತಳು.