ಬಟ್ಟೆ ಬಯಲು

"ಕಿವೀಲಿ ಸೋಪು ತುಂಬ್ಕೊಂಡಿದ್ರೇನ್ರೇ ಎಲ್ರೂ? ಮೈಕು ಹಾಕಿ ಊರೆಲ್ಲಾ ಸಾರಿದೀವಿ. ಆಗ ಬಾಯಿ ಮುಚ್ಕೊಂಡಿದ್ದು ಈಗ ಬಂದು ಬೊಗಳ್ತೀರಾ?"

ನಕ್ಷೆ ಕಚೇರಿಯ ಸಾಹೇಬ ಕುರ್ಚಿಯಿಂದ ಏಳದೆಯೇ ಉಗಿದ. ಅವನ ಮೈಮೇಲಿದ್ದ ಬಿಳಿ ಅಂಗಿಯನ್ನು ನೀಲಿಯಕ್ಕ ಕಾಲರಿನಿಂದಲೇ ಗುರುತು ಹಿಡಿದಳು. ಅದರ ಶಾಯಿ ಕಲೆ ಬಿಡಿಸಲು ಉಜ್ಜಿ ಉಜ್ಜಿ ಅವಳ ಉಗುರು ಸವೆದಿತ್ತು. ಬಟ್ಟೆಗೆ ನೀಲಿ ಹಾಕಿ ಬೆರಳುಗಳೂ ನೀಲಿಯಾದದ್ದಕ್ಕೆ ಅಗಸರ ಓಣಿಯವರು ಅವಳನ್ನು ಕರೆಯುತ್ತಿದ್ದುದೇ ಹಾಗೆ.

ಓಣಿಯೂ ಅದರ ಹಿಂದಿನ ಬಟ್ಟೆ ಒಣಹಾಕುವ ಬಯಲೂ ಇನ್ನು ವಾಸಕ್ಕಲ್ಲ, ಗೋದಾಮಿಗೆ ಎಂದು ಊರಿನ ಹೊಸ ನಕ್ಷೆಯಲ್ಲಿ ತೀರ್ಮಾನವಾಗಿತ್ತು. ಗೂಟ ಹೊಡೆಯಲು ಬಂದವನು ಒಣಹಾಕಿದ ದುಪ್ಪಟಿಯ ಮೇಲೆ ಬೂಟುಗಾಲಿಟ್ಟಾಗಲೇ ಅವರಿಗೆ ಅದು ತಿಳಿದದ್ದು.

"ಯಾವ ಹೊತ್ನಲ್ಲಿ ಸಾರಿದ್ರಿ ಸ್ವಾಮಿ?" ನೀಲಿಯಕ್ಕ ಕೇಳಿದಳು.

"ಬೆಳಿಗ್ಗೆ ಹತ್ತಕ್ಕೆ. ನಿಮ್ಮ ಓಣಿ ಬಾಯಲ್ಲೇ ಗಾಡಿ ನಿಲ್ಸಿದ್ದು."

ಅದು ಓಣಿಯ ಅಷ್ಟೂ ಒಗೆಯುವ ಕಲ್ಲುಗಳ ಮೇಲೆ ಬಟ್ಟೆ ಬೀಳುವ ಹೊತ್ತು. ಪಕ್ಕದ ಕಲ್ಲಿನವಳಿಗೆ ಏನಾದರೂ ಹೇಳಬೇಕೆಂದರೂ ಕೈಸನ್ನೆಯೇ ಗತಿ. ಕೂಸು ಅತ್ತರೆ ಅದರ ಬಾಯಿ ನೋಡಿ ತಿಳಿಯಬೇಕು. ಮೈಕಿನ ಗಾಡಿಯನ್ನು ನೀಲಿಯಕ್ಕ ಕಂಡೂ ಇದ್ದಳು. ಸರ್ಕಸ್ಸಿನವರಿರಬೇಕೆಂದು ನಕ್ಕು, ಬಟ್ಟೆ ಎತ್ತಿ ಬಡಿದಿದ್ದಳು.

"ಆಗ ಗುಡುಗಿದ್ರೂ ನಮಗೆ ಕೇಳ್ಸಲ್ಲ ಸ್ವಾಮಿ. ಒಗೆಯೋ ಸದ್ದು."

"ಅದು ನಿಮ್ಮ ಹಣೆಬರಹ. ಸಾರೋದಷ್ಟೇ ನಮ್ಮ ಕೆಲ್ಸ. ನಾಳೆ ಹತ್ತಕ್ಕೆ ಗೋದಾಮಿನ ಧಣಿ ಮುಂದೆ ಆರ್ಡರು ಓದ್ತೀನಿ. ಓದಿದ್ದು ಅವ್ರ ಕಿವಿಗೆ ಬಿದ್ಮೇಲೆ ಮುಗೀತು, ಜಾಗ ಅವ್ರದ್ದು. ನಡೀರಿ ಆಚೆ, ರೂಮೆಲ್ಲಾ ಗಬ್ಬು ನಾರ್ತಿದೆ."

"ಯಾರು ನಾರೋದು?" ನೀಲಿಯಕ್ಕನ ಮೈದುನ ಮುಂದೆ ಬಂದ. "ನಿನ್ನ ಚಡ್ಡಿ ಒಗೆಯೋ ಕೈ ಕಣೋ ಇದು. ಹೇಳ್ಲಾ, ಏನ್ ನಾರುತ್ತೆ ಅಂತ?"

ಜವಾನ ಅವನ ಕತ್ತಿನ ಪಟ್ಟಿ ಹಿಡಿದು ಹೊರಗೆ ದಬ್ಬಿದ. ಮೆಟ್ಟಿಲ ಮೇಲೆ ಬಿದ್ದು ಮೈದುನನ ತುಟಿ ಒಡೆಯಿತು. ಅವನನ್ನು ಎಬ್ಬಿಸಲು ಬಗ್ಗಿದ ನೀಲಿಯಕ್ಕನ ಅಂಗೈ ಮೆಟ್ಟಿಲ ಕಲ್ಲಿಗೆ ತಾಗಿತು. ಅಗಲವಾದ ಒರಟು ಕಲ್ಲು. ಪಕ್ಕದಲ್ಲೇ ನಲ್ಲಿ.

"ಅತ್ತಿಗೆ, ಈ ಸೂಳೆಮಗನ ಬಟ್ಟೆ ಗಂಟು ನಾಳೆ ತಲುಪಿಸ್ಬೇಕಲ್ಲ. ಸುಟ್ಟಾಕ್ಲಾ?" ಮೈದುನ ರಕ್ತ ಉಗುಳಿದ.

"ಯಾಕೆ ಸುಡ್ತೀಯಾ? ತಲುಪ್ಸೋಣ. ಒಗೆಯೋದು ಮಾತ್ರ ಇಲ್ಲೇ."

ಮರುದಿನ ಹತ್ತರ ಹೊತ್ತಿಗೆ ಓಣಿಯ ಹೆಂಗಸರೆಲ್ಲಾ ಕಚೇರಿಯ ಸಾಹೇಬರುಗಳ ಗಂಟುಗಳನ್ನೇ ಹೊತ್ತು ಬಂದರು. ಬಟ್ಟೆ ಕೊಡಲು ಬಂದಿದ್ದಾರೆಂದು ಜವಾನನೇ ಗೇಟು ತೆಗೆದ. ಒಳಗೆ ಸಾಹೇಬ ಧಣಿಯ ಮುಂದೆ ಆರ್ಡರು ಕೈಗೆತ್ತಿಕೊಂಡು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮೆಟ್ಟಿಲ ಮೇಲೆ ಮೊದಲ ಅಂಗಿ ಬಿತ್ತು. ಹಿಂದೆಯೇ ಪ್ಯಾಂಟು, ದುಪ್ಪಟಿ, ಟವೆಲ್ಲು. ಕಿಟಕಿಯ ಗಾಜು ಅದುರತೊಡಗಿತು.

ಸಾಹೇಬ ಮೈಕು ಹಿಡಿದು ಬಾಗಿಲಿಗೆ ಓಡಿಬಂದ. ಅವನ ಕತ್ತಿನ ನರ ಉಬ್ಬಿತ್ತು. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ನೀಲಿಯಕ್ಕ ನೀಲಿ ಬೆರಳನ್ನು ಕಿವಿಯ ಹಿಂದಿಟ್ಟು, ಏನೆಂದಿರಿ ಎಂಬಂತೆ ತಲೆ ವಾಲಿಸಿದಳು. ಪಕ್ಕದವಳು ಬಿದ್ದು ಬಿದ್ದು ನಕ್ಕಳು. ಆ ನಗುವೂ ಕೇಳಿಸಲಿಲ್ಲ.

ಗೇಟಿನ ಬಳಿ ಪೊಲೀಸ್ ವ್ಯಾನು ಬಂದು ನಿಂತಿತು. ಅದರ ನೆತ್ತಿಯ ಕೆಂಪು ದೀಪ ತಿರುಗುತ್ತಿತ್ತು, ಸೈರನ್ನು ಕೇಳಿಸಲಿಲ್ಲ. ಲಾಠಿ ಹಿಡಿದವರು ಒಬ್ಬೊಬ್ಬರಾಗಿ ಇಳಿಯುವುದನ್ನು ನೋಡುತ್ತಲೇ ನೀಲಿಯಕ್ಕ ಗಂಟಿನಿಂದ ಸಾಹೇಬನ ಇನ್ನೊಂದು ಅಂಗಿ ಎಳೆದು, ನೀರಲ್ಲಿ ಅದ್ದಿ, ತಲೆಯ ಮೇಲಕ್ಕೆತ್ತಿದಳು.