ಒಂದು ಚಮಚ ರಾಗಿಯ ಎತ್ತರ

ಇರಾಳ ಮೂಗಿನಿಂದ ಹೊಟ್ಟೆಗೆ ಇಳಿದಿದ್ದ ನಳಿಕೆಯನ್ನು ತೆಗೆಯಬೇಕೋ, ಇಲ್ಲ ಹೊಟ್ಟೆಗೇ ಸಣ್ಣ ತೂತು ಮಾಡಿ ಬೇರೆ ನಳಿಕೆ ಕೂರಿಸಬೇಕೋ ಎಂಬುದು ಆ ಒಂದು ವಾರದ ಊಟದ ಮೇಲೆ ನಿಂತಿತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು. ಈಗ ಹತ್ತು ತಿಂಗಳು, ಏಳು ಕಿಲೋ. ವಾರವಿಡೀ ನಳಿಕೆಯಲ್ಲಿ ಏನೂ ಹಾಕದೆ, ಬಾಯಲ್ಲೇ ದಿನಕ್ಕೆ ಎರಡು ಸಾವಿರದ ನಾನೂರು ಕಿಲೋಜೂಲ್ ಇಳಿಯಬೇಕು ಎಂದಿದ್ದರು ಡಾಕ್ಟರು.

ಬರೆದಿಡುವ ಕೆಲಸವನ್ನು ಅಜ್ಜಿ ಪದ್ಮಿನಿ ತಾವಾಗಿಯೇ ಕೇಳಿ ಪಡೆದಿದ್ದರು. ಮೈಸೂರಿನಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಪಾಠ ಹೇಳಿದವರು. ಪರದೇಶದ ಸೊಲ್ಲೆಂಟುನಾ ಊರಿನ ಮಗಳ ಮನೆಯಲ್ಲಿ ತಮ್ಮಿಂದ ಇಷ್ಟಾದರೂ ಆಗಲಿ ಎಂಬ ಆಸೆ. ಅಳಿಯ ಕಾರ್ತಿಕೇಯ ಬಟ್ಟಲನ್ನು ತೂಗಿ ಹೇಳುವನು, ಇವರು ಗುಣಿಸಿ ಬರೆಯುವರು.

ಸೋಮವಾರ ಕ್ಲಿನಿಕ್ಕಿನಲ್ಲಿ ನರ್ಸ್ ಗುನಿಲ್ಲಾ ಆ ಹಾಳೆಯನ್ನು ಕೂಡಿದಳು. ದಿನಕ್ಕೆ ಸಾವಿರದ ಎಂಟುನೂರು, ಅಷ್ಟೇ. ಮಗಳು ಲಾವಣ್ಯಾಳ ಮುಖ ಬಿಳಿಚಿತು. ಗುನಿಲ್ಲಾ ಮಾತ್ರ ತಕ್ಕಡಿಯನ್ನು ಇನ್ನೊಮ್ಮೆ ನೋಡಿದಳು.

"ಮಗು ನೂರೈವತ್ತು ಗ್ರಾಂ ಹೆಚ್ಚಿದೆ. ಹಾಳೆ ಒಂದು ಹೇಳುತ್ತಿದೆ, ಮಗು ಇನ್ನೊಂದು ಹೇಳುತ್ತಿದೆ. ನಾನು ಮಗುವನ್ನು ನಂಬುತ್ತೇನೆ. ಗುರುವಾರ ಬನ್ನಿ, ಅಲ್ಲಿಯವರೆಗೆ ಡಾಕ್ಟರಿಗೆ ಏನೂ ಕಳಿಸುವುದಿಲ್ಲ," ಎಂದಳು ನಿಧಾನವಾದ ಇಂಗ್ಲಿಷಿನಲ್ಲಿ.

ಮನೆಗೆ ಬಂದ ಪದ್ಮಿನಿ ಪೊಟ್ಟಣಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟರು. ಇಲ್ಲಿ ಮಕ್ಕಳಿಗೆ ಕುಡಿಸುವ ವೆಲ್ಲಿಂಗ್ ಎಂಬ ಗಂಜಿಯ ಡಬ್ಬಿಯಲ್ಲಿ ಮೊದಲು ಕಿಲೋಜೂಲ್, ಆಮೇಲೆ ಕ್ಯಾಲೊರಿ. ಹಣ್ಣಿನ ಪ್ಯೂರಿಯದೂ ಹಾಗೆಯೇ. ಇಂಡಿಯನ್ ಅಂಗಡಿಯಿಂದ ತಂದ ರಾಗಿ ಹಿಟ್ಟಿನ ಪೊಟ್ಟಣ ತಿರುಗಿಸಿದರು. ನೂರು ಗ್ರಾಮಿಗೆ ಎನರ್ಜಿ: ಮುನ್ನೂರ ಮೂವತ್ತು. ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ, ಕಿಲೋಕ್ಯಾಲೊರಿ.

ಹಾಳೆಯಲ್ಲಿನ ರಾಗಿಯ ಸಾಲಿಗೆ ಬೆರಳಿಟ್ಟರು. ದಿನಕ್ಕೆ ಅರವತ್ತು ಗ್ರಾಂ ರಾಗಿ ಹಿಟ್ಟು. ನೂರ ತೊಂಬತ್ತೆಂಟು ಎಂದು ಕಿಲೋಜೂಲ್ ಕಾಲಮಿನಲ್ಲೇ ಬರೆದುಬಿಟ್ಟಿದ್ದರು. ಕ್ಯಾಲೊರಿಯನ್ನು ಜೂಲ್ ಮಾಡಲು ನಾಲ್ಕು ಪಾಯಿಂಟ್ ಎರಡರಿಂದ ಗುಣಿಸಿಯೇ ಇರಲಿಲ್ಲ.

"ಲಾವಣ್ಯಾ, ತಪ್ಪು ನಂದೇ ಕಣೇ. ರಾಗಿದು ಎಂಟುನೂರ ಮೂವತ್ತು ಆಗ್ಬೇಕಿತ್ತು. ಒಟ್ಟು ಎರಡು ಸಾವಿರದ ನಾನೂರು ದಾಟತ್ತೆ."

ಲಾವಣ್ಯಾ ಹಾಳೆ ಕಸಿದುಕೊಂಡು ಎರಡು ಸಲ ಕೂಡಿದಳು. ಕಣ್ಣು ತುಂಬಿದ್ದರೂ ಬಾಯಿ ಸುಮ್ಮನಿರಲಿಲ್ಲ. "ಯೂನಿಟ್ ಬರೀಲಿಲ್ಲ ಅಂತ ನನಗೆ ಎಷ್ಟು ಸಲ ಅರ್ಧ ಮಾರ್ಕ್ಸ್ ಕಟ್ ಮಾಡಿದ್ಯಮ್ಮಾ ನೀನು!"

"ಹೋಗ್ಲಿ ಬಿಡೇ, ಅತ್ತೆಗೆ ಗ್ರೇಸ್ ಮಾರ್ಕ್ಸ್ ಕೊಡೋಣ," ಎಂದು ಕಾರ್ತಿಕೇಯ ಅವರ ಮುಂದೆ ಕಾಫಿ ಇಟ್ಟ. ವಾರವಿಡೀ ನಿದ್ದೆಗೆಟ್ಟು ತೂಗಿದ್ದ ಅವನ ಶ್ರಮವನ್ನು ತಮ್ಮ ಲೆಕ್ಕವೇ ಕೆಡಿಸಿತ್ತು. ಆದರೂ ಸಕ್ಕರೆ ಬೆರೆಸಿಯೇ ಕೊಟ್ಟಿದ್ದ.

ಕಾಫಿ ಕುಡಿಯುತ್ತಲೇ ಪದ್ಮಿನಿ ಹಾಳೆಯ ಹಿಂಬದಿಯಲ್ಲಿ ಇನ್ನೊಂದು ಲೆಕ್ಕ ಮಾಡಿದರು. ಒಂದು ಚಮಚ ರಾಗಿ ಹಿಟ್ಟು, ನಾಲ್ಕು ಗ್ರಾಂ. ಅದರಲ್ಲಿರುವ ಜೂಲುಗಳನ್ನೆಲ್ಲ ಎತ್ತುವುದಕ್ಕೇ ಖರ್ಚು ಮಾಡಿದರೆ ಈ ಏಳು ಕಿಲೋ ಕೂಸು ಎಂಟುನೂರು ಮೀಟರ್ ಮೇಲೇರುತ್ತದೆ. ಇಡೀ ದಿನದ ಊಟಕ್ಕೆ ಮೂವತ್ತೈದು ಕಿಲೋಮೀಟರ್, ವಿಮಾನಗಳಿಗಿಂತಲೂ ಎಷ್ಟೋ ಎತ್ತರ! ಮೂವತ್ತು ವರ್ಷ ಬೋರ್ಡಿನ ಮೇಲೆ ಆ ನಾಲ್ಕು ಪಾಯಿಂಟ್ ಎರಡನ್ನು ಬರೆದು ಅಳಿಸಿದ್ದರು. ಅದರ ಹಿಂದೆ ಇಷ್ಟು ದೊಡ್ಡ ಆಕಾಶವಿದೆ ಎಂದು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ಅಷ್ಟೆತ್ತರಕ್ಕೆ ಏರಬಲ್ಲ ಶಕ್ತಿಯೆಲ್ಲ ಎದುರಿನ ಚಾಪೆಯ ಮೇಲೆ ಬೋರಲು ಬಿದ್ದು, ಕಾಲ್ಚೀಲ ಕೀಳುತ್ತಿತ್ತು. ಅವರು ಕಾಫಿ ಮರೆತು ನೋಡುತ್ತ ಕುಳಿತರು.

ಗುರುವಾರ ಪದ್ಮಿನಿ ತಿದ್ದಿದ ಹಾಳೆಯನ್ನು ಗುನಿಲ್ಲಾ ಓದಿ, ತಪ್ಪನ್ನು ಕೆದಕದೆ ಡಾಕ್ಟರ ಒಪ್ಪಿಗೆ ತಂದಳು. ಕೆನ್ನೆಯ ಮೇಲಿನ ಅಂಟುಪಟ್ಟಿಗೆ ಬೆಚ್ಚನೆಯ ಎಣ್ಣೆ ಸವರಿ, ಚರ್ಮ ಎಳೆಯದಂತೆ ಬಿಡಿಸಿ, ನಳಿಕೆಯನ್ನು ಒಂದೇ ಉಸಿರಿಗೆ ಎಳೆದುಬಿಟ್ಟಳು. ಇರಾ ಸೀನಿದಳು. ಬರಿದಾದ ಮೂಗನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಆಮೇಲೆ ಇಡೀ ಕ್ಲಿನಿಕ್ ತಿರುಗಿ ನೋಡುವಂತೆ ಹಸಿವೆಗೆ ಕಿರುಚಿದಳು.

"ಇಲ್ಲೇ ತಿನ್ನಿಸಿ," ಎಂದು ಗುನಿಲ್ಲಾ ತನ್ನ ಕುರ್ಚಿಯನ್ನೇ ಪದ್ಮಿನಿಯವರ ಕಡೆಗೆ ಎಳೆದುಕೊಟ್ಟಳು.